ಸೊಮಾಲಿಯದ ಅರಾಜಕತೆಯೂ ಅಲ್-ಶಬಾಬ್ ಪಂಥವೂ

ಆಫ್ರಿಕ ಖಂಡದ ಪೂರ್ವಾಗ್ರದಲ್ಲಿ ಏಡನ್ ಕೊಲ್ಲಿಗೂ ಹಿಂದೂ ಮಹಾಸಾಗರಕ್ಕೂ ಮೈಯೊಡ್ಡಿರುವ ಸೊಮಾಲಿಯ ದೇಶವು, 1991ರಲ್ಲಿ ತನ್ನ ಕೇಂದ್ರಾಡಳಿತವನ್ನು ಕಳೆದುಕೊಂಡು, ಎರಡು ದಶಕಗಳಿಗೂ ಮಿಕ್ಕಿ ನೆಲೆಯಾದ ಪ್ರಭುತ್ವವಿಲ್ಲದೆ ತೊಳಲಿ, ಆ ಶೂನ್ಯದಲ್ಲಿಯೇ ಅಲ್-ಶಬಾಬ್ ಎಂಬ ಸಶಸ್ತ್ರ ಧಾರ್ಮಿಕ ಪಂಥದ ಉದಯವನ್ನು ಕಂಡಿತು. ಬಹುಮಟ್ಟಿಗೆ ಒಂದೇ ಭಾಷೆಯನ್ನಾಡುವ, ಸುನ್ನಿ ಇಸ್ಲಾಂ ಮತವನ್ನು ಅನುಸರಿಸುವ ಜನಾಂಗವೊಂದು ಹೀಗೆ ಛಿದ್ರಗೊಂಡುದು ಮೇಲ್ನೋಟಕ್ಕೆ ವಿಚಿತ್ರವೆನಿಸೀತು; ಆದರೆ ಒಂಟೆ ಮೇಯಿಸುತ್ತ ಬಂದ ಈ ಸಮಾಜದಲ್ಲಿ ವ್ಯಕ್ತಿಯ ರಕ್ಷಣೆಯೂ ಕೊಲೆಗೆ ತೆರಬೇಕಾದ ಪರಿಹಾರವೂ ಅನಾದಿಯಿಂದ ಕುಲದ ಹೊಣೆಯಾಗಿದ್ದು, ಹವಿಯೆ, ದಾರೂದ್, ಇಸಾಕ್, ದಿರ್, ರಹನ್‌ವೈನ್ ಎಂಬ ಮಹಾಕುಲಗಳ ಮುಂದೆ ರಾಜಧಾನಿಯ ಸರ್ಕಾರವು ಎಂದೂ ದೂರದ ನೆಂಟನಾಗಿಯೇ ಉಳಿಯಿತು.

ಬ್ರಿಟಿಷ್ ಮತ್ತು ಇಟಾಲಿಯನ್ ಅಧೀನದಲ್ಲಿದ್ದ ಎರಡು ಪ್ರಾಂತ್ಯಗಳು 1960ರ ಜುಲೈ 1ರಂದು ಕೂಡಿ ಗಣರಾಜ್ಯವಾದವು. 1969ರಲ್ಲಿ ಅಧ್ಯಕ್ಷ ಶರ್ಮಾರ್ಕೆಯ ಹತ್ಯೆಯಾದ ಕೆಲವೇ ದಿನಗಳಲ್ಲಿ ಅಧಿಕಾರವನ್ನು ಕಸಿದುಕೊಂಡ ಸೇನಾನಿ ಸಿಯಾದ್ ಬರ್ರೆ, 1972ರಲ್ಲಿ ಸೊಮಾಲಿ ಭಾಷೆಗೆ ಲಿಪಿಯನ್ನು ನಿಗದಿಗೊಳಿಸಿ ಸಾಕ್ಷರತೆಯನ್ನು ಹರಡಿದುದು ಸ್ತುತ್ಯರ್ಹವೇ ಸರಿ. ಕುಲಾಭಿಮಾನವನ್ನು ಬಹಿರಂಗವಾಗಿ ಖಂಡಿಸುತ್ತ ಒಳಗೊಳಗೇ ಸ್ವಕುಲದವರಿಗೆ ಆಯಕಟ್ಟಿನ ಹುದ್ದೆಗಳನ್ನು ಹಂಚಿದ ಆತನ ಆಳ್ವಿಕೆಯು, ಇಥಿಯೋಪಿಯದ ಒಗಡೆನ್ ಪ್ರದೇಶಕ್ಕಾಗಿ ನಡೆಸಿದ 1977-78ರ ಯುದ್ಧದಲ್ಲಿ ಸೋತ ಮೇಲೆ ಭಯವೊಂದನ್ನೇ ಆಧಾರವಾಗಿ ಹಿಡಿಯಿತು. 1988ರಲ್ಲಿ ತನ್ನದೇ ದೇಶದ ಹರ್ಗೈಸ ನಗರದ ಮೇಲೆ ವಿಮಾನಗಳಿಂದ ಬಾಂಬು ಸುರಿಸಿದ ಪ್ರಭುತ್ವಕ್ಕೆ ಮುಂದೆ ಉಳಿದಿದ್ದ ಆಯುಸ್ಸು ಮೂರು ವರ್ಷ ಮಾತ್ರ.

1991ರ ಜನವರಿಯಲ್ಲಿ ಬರ್ರೆ ಪಲಾಯನಗೈದೊಡನೆ, ಆತನನ್ನು ಓಡಿಸಿದವರಲ್ಲೇ ಬಿರುಕು ಮೂಡಿ, ಇಬ್ಬರೂ ಹವಿಯೆ ಕುಲದವರೇ ಆದ ಅಲಿ ಮಹದಿ ಮತ್ತು ಫರಾ ಐದೀದ್ ರಾಜಧಾನಿ ಮೊಗದಿಶುವನ್ನು ಇಬ್ಭಾಗ ಮಾಡಿಕೊಂಡು ಕಾದಾಡಿದರು. ಕ್ಷಾಮ ಬಂದಿತು; ವಿಶ್ವಸಂಸ್ಥೆಯ ಪಡೆಗಳು ಬಂದವು; 1993ರ ಅಕ್ಟೋಬರಿನಲ್ಲಿ ಒಂದೇ ಕಾಳಗದಲ್ಲಿ 18 ಅಮೆರಿಕನ್ ಸೈನಿಕರು ಸತ್ತ ಮೇಲೆ ಅಮೆರಿಕವು ಹಿಂದೆ ಸರಿಯಿತು; 1995ರಲ್ಲಿ ಉಳಿದವರೂ ಹೊರಟರು. ಭಾರತದ ಒಂದು ಬ್ರಿಗೇಡ್ ಕೂಡ ಈ ಕಾರ್ಯಾಚರಣೆಯಲ್ಲಿ ಸೇವೆ ಸಲ್ಲಿಸಿತ್ತು.

ಪೊಲೀಸನೂ ನ್ಯಾಯಾಧೀಶನೂ ಇಲ್ಲದ ನಗರದಲ್ಲಿ ವರ್ತಕರು ತಮ್ಮ ಸರಕಿನ ರಕ್ಷಣೆಗಾಗಿ ಧನಸಹಾಯ ನೀಡಿ ಬೆಳೆಸಿದ ಕುಲವಾರು ಷರಿಯತ್ ನ್ಯಾಯಾಲಯಗಳು ಕ್ರಮೇಣ ಒಕ್ಕೂಟವಾಗಿ, 2006ರ ಜೂನಿನಲ್ಲಿ ಪಾಳೆಯಗಾರರನ್ನು ಸದೆಬಡಿದು, ವರ್ಷಗಳಿಂದ ಮುಚ್ಚಿದ್ದ ವಿಮಾನ ನಿಲ್ದಾಣವನ್ನೂ ಬಂದರನ್ನೂ ತೆರೆದವು. ಆ ವರ್ಷದ ಡಿಸೆಂಬರಿನಲ್ಲಿ ಇಥಿಯೋಪಿಯದ ಸೇನೆ ಒಳನುಗ್ಗಿ ಒಕ್ಕೂಟವನ್ನು ಚದುರಿಸಿತು. ಇಡೀ ಪ್ರಕರಣದ ತಿರುವು ಇಲ್ಲಿಯೇ ಇದೆಯೆನ್ನಬೇಕು: ಒಕ್ಕೂಟದ ಮಿತವಾದಿಗಳು ದೇಶಾಂತರ ಹೋದರು, ಅದರ ಉಗ್ರ ಯುವದಳವಾದ ಅಲ್-ಶಬಾಬ್ ಹಳೆಯ ವೈರಿಯ ವಿರುದ್ಧ ಸೆಣಸುವ ದೇಶಾಭಿಮಾನದ ವೇಷವನ್ನು ಅನಾಯಾಸವಾಗಿ ಧರಿಸಿತು.

2012ರಲ್ಲಿ ಅಲ್-ಖೈದಾದೊಡನೆ ಬಹಿರಂಗವಾಗಿ ಕೂಡಿಕೊಂಡ ಈ ಪಂಥವು ಕ್ರೌರ್ಯದಿಂದ ಮಾತ್ರವೇ ಬಾಳಿತೆಂದು ತಿಳಿಯುವುದು ತಪ್ಪಾದೀತು. ಸರಕಿನ ಲಾರಿಯೊಂದು ದಕ್ಷಿಣದ ಹೆದ್ದಾರಿಯಲ್ಲಿ ಹೊರಟರೆ, ಸರ್ಕಾರಿ ಪಡೆಗಳ ಒಂದೊಂದು ತಡೆಯಲ್ಲೂ ಚಾಲಕನು ಕೇಳಿದಷ್ಟು ತೆತ್ತು ಸಾಗಬೇಕು. ಅಲ್-ಶಬಾಬಿನ ಸುಂಕದಕಟ್ಟೆಯಲ್ಲಿ ಒಮ್ಮೆ ಹಣ ಕಟ್ಟಿದವನಿಗೆ ರಸೀದಿ ದೊರೆಯುತ್ತದೆ, ಅದನ್ನು ತೋರಿಸಿದರೆ ಪಂಥದ ಮುಂದಿನ ಕಟ್ಟೆಯವರು ಮತ್ತೆ ಕೇಳುವುದಿಲ್ಲ. ದನಗಾಹಿಗಳಿಂದ ಜಕಾತ್ ಎಂಬ ಧಾರ್ಮಿಕ ದಾನದ ಹೆಸರಿನಲ್ಲಿ ಒಂಟೆ ಮೇಕೆಗಳನ್ನು ಎಳೆದೊಯ್ಯುವ ಇದೇ ಪಂಥದ ನ್ಯಾಯಾಲಯಕ್ಕೆ, ಭೂವ್ಯಾಜ್ಯ ಬಗೆಹರಿಯಲೆಂದು ಸರ್ಕಾರದ ಹದ್ದಿನಲ್ಲಿರುವ ನಗರವಾಸಿಗಳೂ ಹೋಗುತ್ತಾರೆ. ಲಂಚ ಕೊಡದೆ ತೀರ್ಪು ಸಿಗುವುದು, ಸಿಕ್ಕ ತೀರ್ಪು ಜಾರಿಯಾಗುವುದು, ಇವೆರಡು ಅನುಕೂಲಗಳಿಗಾಗಿ ಅವರು ಭಯವನ್ನು ಸಹಿಸಿಕೊಂಡಿರುವರು.

ಆದರೆ ಆ ಭಯವು ಅಲ್ಪವಾದುದಲ್ಲ. ಸೂಫಿ ಸಂತರ ಗೋರಿಗಳನ್ನು ಕೆಡಹಿದ ಪಂಥವು, ಅನೇಕ ಪರಿಹಾರ ಸಂಸ್ಥೆಗಳನ್ನು ತನ್ನ ಸೀಮೆಯಿಂದ ಹೊರಗಟ್ಟಿ 2011ರ ಕ್ಷಾಮವನ್ನು ಮತ್ತಷ್ಟು ಘೋರಗೊಳಿಸಿತು. ಆ ಕ್ಷಾಮದಲ್ಲಿ ಮಡಿದವರು ಸುಮಾರು 2,60,000 ಮಂದಿಯೆಂದೂ ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳೆಂದೂ ಅಂದಾಜು. ಕೆನ್ಯದ ವೆಸ್ಟ್‌ಗೇಟ್ ಮಳಿಗೆಯಲ್ಲಿ 2013ರಲ್ಲಿ 67 ಜನ, ಗರಿಸ್ಸ ವಿಶ್ವವಿದ್ಯಾನಿಲಯದಲ್ಲಿ 2015ರಲ್ಲಿ 148 ಜನ ಅದರ ಗುಂಡಿಗೆ ಬಲಿಯಾದರು.

ಪಂಥವು 2011ರಲ್ಲಿ ಮೊಗದಿಶುವನ್ನೂ ಮರುವರ್ಷ ಕಿಸ್ಮಾಯೊ ಬಂದರನ್ನೂ ಬಿಟ್ಟುಕೊಟ್ಟಿತು. 2012ರಲ್ಲಿ ಸಂಯುಕ್ತ ಸರ್ಕಾರವೊಂದು ಸ್ಥಾಪಿತವಾಯಿತು. ಆದರೂ ಆ ಸರ್ಕಾರವನ್ನು ಕಾದಿರುವುದು ಬಹುಮಟ್ಟಿಗೆ ಆಫ್ರಿಕ ಒಕ್ಕೂಟದ ಪಡೆಯೇ. ಅಧ್ಯಕ್ಷ ಹಸನ್ ಶೇಖ್ ಮೊಹಮೂದ್ 2022ರಲ್ಲಿ ಆರಂಭಿಸಿದ ದಂಡಯಾತ್ರೆಯಲ್ಲಿ, ಜಕಾತಿನ ಸುಲಿಗೆಗೆ ಬೇಸತ್ತು ಲುಂಗಿಯುಟ್ಟೇ ಬಂದೂಕು ಹಿಡಿದ ಹಳ್ಳಿಗರು ಸೈನ್ಯಕ್ಕೆ ಹೆಗಲು ಕೊಟ್ಟುದರಿಂದ ಮಧ್ಯಪ್ರಾಂತ್ಯದ ಹಲವು ಊರುಗಳು ಮುಕ್ತವಾದವು. ಹಾಗೆ ಗೆದ್ದ ನೆಲದಲ್ಲಿ ಠಾಣೆಯನ್ನೂ ನ್ಯಾಯಾಲಯವನ್ನೂ ನೆಲೆಗೊಳಿಸುವಷ್ಟು ಶಕ್ತಿ ಸರ್ಕಾರಕ್ಕಿರಲಿಲ್ಲ. ಆಗ ಕೈವಶವಾಗಿದ್ದ ಅದನ್ ಯಬಾಲ್ ಪಟ್ಟಣವನ್ನು 2025ರ ಏಪ್ರಿಲಿನಲ್ಲಿ ಅಲ್-ಶಬಾಬ್ ಮತ್ತೆ ಹಿಡಿಯಿತು.