ಯುದ್ಧನೌಕೆಯ ಚರಿತ್ರೆ ಯಾರ ನೆನಪಿನಲ್ಲಿದೆ?



ಬಾರ್ಕೂರಿನ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪಾಳುಬಿದ್ದ ಕೋಟೆ, ಕತ್ತಲೆ ಬಸದಿ, ಹಳೆಯ ಕೇರಿಗಳು ಹಾಗೂ ಶಿಲಾಶಾಸನಗಳು. ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಊರು ಇದು. ಆದರೆ ಸೀತಾನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಯುದ್ಧನೌಕೆಗಳ ನೆಲೆಯೂ ಆಗಿತ್ತೆಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1342ರಲ್ಲಿ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು. ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುತ್ತಾ ಅವನು ‘ಫಾಕನೂರ್’ ಎಂಬ ಬಂದರಿನಲ್ಲಿ ಇಳಿದನು. ವಿದ್ವಾಂಸರು ಇದನ್ನು ನಮ್ಮ ಬಾರ್ಕೂರೆಂದು ಗುರುತಿಸಿದ್ದಾರೆ. ಅಲ್ಲಿನ ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವೆಂದೂ, ಕಡಲಿನಲ್ಲಿ ವರ್ತಕರನ್ನು ದೋಚುತ್ತಿದ್ದ ಲೂಲಾ ಎಂಬಾತ ಅವುಗಳ ನಾಯಕನೆಂದೂ ಅವನು ಬರೆದಿಟ್ಟಿದ್ದಾನೆ. ಬಂದರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಬೇಕಿತ್ತು. ತಪ್ಪಿಸಿಕೊಂಡು ಹೋದರೆ ಈ ನೌಕೆಗಳು ಬೆನ್ನಟ್ಟಿ, ಬಲವಂತವಾಗಿ ಎಳೆತಂದು, ಇಮ್ಮಡಿ ಸುಂಕ ವಸೂಲು ಮಾಡುತ್ತಿದ್ದವು. ಇಬ್ನ್ ಬತೂತನಿಗೆ ಮಾತ್ರ ಅರಸನು ಮೂರು ದಿನ ಆದರದ ಆತಿಥ್ಯ ನೀಡಿದನು.

ಗಮನಿಸಿರಿ: ಆ 30 ನೌಕೆಗಳ ಹೆಸರುಗಳು ನಮಗೆ ಉಳಿದಿಲ್ಲ. ಅವುಗಳನ್ನು ಕಟ್ಟಿದ ಬಡಗಿಗಳಾರು, ಹುಟ್ಟು ಹಾಕಿದವರಾರು, ಕಡಲಿನಿಂದ ಮರಳದೆ ಹೋದವರೆಷ್ಟು ಮಂದಿ ಎಂಬುದೂ ತಿಳಿಯದು. ಉಳಿದಿರುವುದು ಆ ದಾರಿಯಾಗಿ ಹೋದ ಒಬ್ಬ ಪ್ರಯಾಣಿಕನ ನೆನಪು ಮಾತ್ರ. ಅವುಗಳಿಂದ ಪ್ರಯಾಣಿಕರು ಪಟ್ಟ ಅಂಜಿಕೆಯೇ ಅವುಗಳ ಚರಿತ್ರೆಯಾಯಿತು.

ಅಮೆರಿಕದ ನೌಕಾಪಡೆಯ ಪದ್ಧತಿ ಇದಕ್ಕೆ ತೀರ ಭಿನ್ನವಾದುದು. ತನ್ನ ಒಂದೊಂದು ಹಡಗಿನ ಸೇವಾಚರಿತ್ರೆಯನ್ನೂ ಅದು ಬರೆದಿಡುತ್ತದೆ. ಹಡಗು ಎಲ್ಲಿ ಕಟ್ಟಲ್ಪಟ್ಟಿತು, ಯಾವ ದಿನ ನೀರಿಗಿಳಿಯಿತು, ಯಾವ ಕಡಲಿಗೆ ಯಾವ ಅಪ್ಪಣೆಯಿಂದ ಹೋಯಿತು, ಕೊನೆಗೆ ಎಲ್ಲಿ ವಿಶ್ರಾಂತಿ ಪಡೆಯಿತು ಎಂಬ ವಿವರಗಳೆಲ್ಲ 1959ರಿಂದೀಚೆಗೆ ದಪ್ಪ ಸಂಪುಟಗಳಾಗಿ ಪ್ರಕಟಗೊಂಡಿವೆ. ಅಂತಹ ಎರಡು ಹಡಗುಗಳ ಚರಿತ್ರೆ ನಮ್ಮ ದೇಶದ ವಿಶಾಖಪಟ್ಟಣದ ಕಡಲಿಗೆ ಬಂದು ಸೇರುತ್ತದೆ. ಅವೆರಡನ್ನೂ ಜೊತೆಗಿಟ್ಟು ಓದಿದರೆ ಆಳವಾದೊಂದು ಸತ್ಯ ಗೋಚರಿಸುತ್ತದೆ.

ಮೊದಲನೆಯದು ‘ಡಯಾಬ್ಲೊ’ ಎಂಬ ಜಲಾಂತರ್ಗಾಮಿ. ಎರಡನೆಯ ಮಹಾಯುದ್ಧದ ಕೊನೆಯ ಘಟ್ಟದಲ್ಲಿ, 1944ರ ಡಿಸೆಂಬರಿನಲ್ಲಿ, ಇದು ನೀರಿಗಿಳಿಯಿತು. ಪೆಸಿಫಿಕ್ ಸಾಗರದಲ್ಲಿ ತನ್ನ ಮೊದಲ ಯುದ್ಧಯಾನಕ್ಕೆ ಹೊರಟಾಗಲೇ ಜಪಾನಿನೊಡನೆ ಕಾಳಗ ನಿಂತಿತು. ಹೀಗೆ ಯಾರ ಪ್ರಾಣವನ್ನೂ ತೆಗೆಯದೆ ಉಳಿದ ಈ ಹಡಗನ್ನು ಅಮೆರಿಕವು 1964ರಲ್ಲಿ ಪಾಕಿಸ್ತಾನಕ್ಕೆ ನೀಡಿತು. ಅದಕ್ಕೆ ‘ಘಾಜಿ’ ಎಂಬ ಹೊಸ ಹೆಸರಾಯಿತು. 1971ರ ಯುದ್ಧದಲ್ಲಿ ನಮ್ಮ ವಿಮಾನವಾಹಕ ನೌಕೆ ‘ವಿಕ್ರಾಂತ’ವನ್ನು ಅರಸುತ್ತಾ ಬಂದ ಘಾಜಿ, ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣದ ಬಳಿ ಮುಳುಗಿತು. ನಮ್ಮ ‘ರಜಪೂತ್’ ನೌಕೆಯ ದಾಳಿಯಿಂದ ಮುಳುಗಿತೆಂದು ಭಾರತವೂ, ಆಕಸ್ಮಿಕ ಸ್ಫೋಟದಿಂದ ಮುಳುಗಿತೆಂದು ಪಾಕಿಸ್ತಾನವೂ ಹೇಳುತ್ತ ಬಂದಿವೆ. ಒಳಗಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. 2024ರಲ್ಲಿ ನಮ್ಮ ನೌಕಾಪಡೆಯ ಆಳಸಮುದ್ರ ರಕ್ಷಣಾ ನೌಕೆಯು ಈ ಅವಶೇಷವನ್ನು ಪತ್ತೆಹಚ್ಚಿತು. ಆದರೆ ಅದನ್ನು ಮುಟ್ಟಲಿಲ್ಲ. ಮಡಿದವರು ಎದುರಾಳಿಗಳಾದರೂ ನಾವಿಕರು. ಅವರ ಸಮಾಧಿಯನ್ನು ಕದಡಬಾರದೆಂಬುದು ಕಡಲಿನ ಸಂಪ್ರದಾಯ.

ಎರಡನೆಯ ಹಡಗಿನ ಹೆಸರು ‘ಟ್ರೆಂಟನ್’. ಯೋಗಾಯೋಗವೆಂಬಂತೆ, ಇದು ಅಮೆರಿಕದ ನೌಕಾಪಡೆಗೆ ಸೇರಿದ್ದು ಅದೇ 1971ರ ಮಾರ್ಚ್ ತಿಂಗಳಿನಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕವು ತನ್ನ ‘ಎಂಟರ್‌ಪ್ರೈಸ್’ ಎಂಬ ಅಣುಶಕ್ತಿಯ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಗೆ ಕಳುಹಿಸಿ ನಮ್ಮನ್ನು ಬೆದರಿಸಿದ್ದನ್ನು ಹಿರಿಯರು ಮರೆತಿರಲಾರರು. ಅಂದು ಅಮೆರಿಕದ ಯುದ್ಧನೌಕೆಯೆಂದರೆ ನಮ್ಮ ಪಾಲಿಗೆ ಬೆದರಿಕೆಯ ಇನ್ನೊಂದು ಹೆಸರಾಗಿತ್ತು.

ಟ್ರೆಂಟನ್ ಸೈನಿಕರನ್ನು, ವಾಹನಗಳನ್ನು ಪರದೇಶದ ದಡಕ್ಕಿಳಿಸಲು ಕಟ್ಟಿದ ಹಡಗು. ಅದರ ಹಿಂಭಾಗದ ಬಾಗಿಲು ತೆರೆದು ನೀರು ಒಳಬಿಟ್ಟರೆ ಚಿಕ್ಕ ದೋಣಿಗಳು ಹೊಟ್ಟೆಯೊಳಗಿಂದಲೇ ತೇಲಿ ಹೊರಬರುತ್ತವೆ. ದಾಳಿಗಾಗಿ ಮಾಡಿದ ಈ ಏರ್ಪಾಡು ಜನರನ್ನು ಪಾರುಮಾಡಲೂ ಒದಗಿತು. 1991ರ ಜನವರಿಯಲ್ಲಿ ಸೊಮಾಲಿಯದ ರಾಜಧಾನಿ ಮೊಗದಿಶು ಅಂತರ್ಯುದ್ಧದಿಂದ ಹೊತ್ತಿ ಉರಿಯುತ್ತಿದ್ದಾಗ, ಟ್ರೆಂಟನ್‌ನಿಂದ ಹಾರಿದ ಎರಡು ಹೆಲಿಕಾಪ್ಟರುಗಳು ನಡುದಾರಿಯಲ್ಲಿ ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ಅಲ್ಲಿನ ಅಮೆರಿಕದ ರಾಯಭಾರ ಕಚೇರಿಯನ್ನು ತಲುಪಿದವು. ‘ಗ್ವಾಮ್’ ಎಂಬ ಜೊತೆನೌಕೆಯೊಡನೆ ನಡೆಸಿದ ಈ ಕಾರ್ಯಾಚರಣೆಯಲ್ಲಿ 30 ದೇಶಗಳ 281 ಜನರು ಪಾರಾದರು. ಶೀತಲ ಸಮರದಲ್ಲಿ ಎದುರಾಳಿಯಾಗಿದ್ದ ಸೋವಿಯತ್ ಒಕ್ಕೂಟದ ರಾಯಭಾರಿಯೂ ಅವರಲ್ಲಿ ಒಬ್ಬರು.

2007ರ ಜನವರಿಯಲ್ಲಿ ಭಾರತವು ಈ ಹಡಗನ್ನು 4.8 ಕೋಟಿ ಡಾಲರಿಗೂ ಅಧಿಕ ಬೆಲೆ ತೆತ್ತು ಪಡೆಯಿತು. ಅದೇ ವರ್ಷದ ಜೂನ್ 22ರಂದು ಅದು ‘ಜಲಾಶ್ವ’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯ ಸೇವೆಗೆ ಸೇರಿತು. ವಿಶಾಖಪಟ್ಟಣವೇ ಅದರ ನೆಲೆಯಾಯಿತು. 36 ವರ್ಷ ದುಡಿದ ಹಳೆಯ ಹಡಗನ್ನು ಕೊಂಡುದರ ಬಗ್ಗೆ ಆಕ್ಷೇಪಣೆಗಳೂ ಕೇಳಿಬಂದವು. ಮರುವರ್ಷ ಹಡಗಿನೊಳಗೆ ವಿಷಾನಿಲಕ್ಕೆ ಸಿಲುಕಿ ನಮ್ಮ ನೌಕಾಪಡೆಯವರು ಪ್ರಾಣತೆತ್ತರು. ಇದೂ ಅದರ ಸೇವಾಚರಿತ್ರೆಯ ಒಂದು ಪುಟವೇ, ಮುಚ್ಚಿಡಬೇಕಾದುದಲ್ಲ.

ಬಳಿಕ 2020 ಬಂದಿತು. ಕೊರೊನಾ ಮಹಾಮಾರಿಯಿಂದ ವಿಮಾನಗಳು ನಿಂತು, ದುಡಿಯಲು ಹೋದ ಸಾವಿರಾರು ಭಾರತೀಯರು ಪರದೇಶಗಳಲ್ಲಿ ಸಿಲುಕಿದರು. ‘ಸಮುದ್ರ ಸೇತು’ ಕಾರ್ಯಾಚರಣೆಯ ಅಂಗವಾಗಿ ಜಲಾಶ್ವವು ಮಾಲ್ಡೀವ್ಸ್‌ನ ಮಾಲೆಯಿಂದ 698 ಜನರನ್ನು ಹೊತ್ತು ಮೇ 10ರಂದು ಕೊಚ್ಚಿಗೆ ಬಂದಿತು. ಅವರಲ್ಲಿ 19 ಮಂದಿ ಗರ್ಭಿಣಿಯರಿದ್ದರು. ಸೈನಿಕರು ಮಲಗಬೇಕಾದ ಸ್ಥಳದಲ್ಲಿ ತಾಯಂದಿರು, ಮಕ್ಕಳು ಮಲಗಿದರು. ಆ ಕಾರ್ಯಾಚರಣೆಯಲ್ಲಿ ನಮ್ಮ ನೌಕೆಗಳು ಒಟ್ಟು 3,992 ಮಂದಿಯನ್ನು ತಾಯ್ನಾಡಿಗೆ ಮುಟ್ಟಿಸಿದವು. ಮರುವರ್ಷ 2021ರ ಮೇ 5ರಂದು ‘ತಲ್ವಾರ್’ ಎಂಬ ಯುದ್ಧನೌಕೆ ಬಹರೈನಿನಿಂದ ದ್ರವರೂಪದ ಆಮ್ಲಜನಕವನ್ನು ಹೊತ್ತು ನಮ್ಮ ನವಮಂಗಳೂರು ಬಂದರಿಗೇ ಬಂದಿತು. ಕತ್ತಿಯ ಹೆಸರು ಹೊತ್ತ ಹಡಗು ಉಸಿರನ್ನು ತಂದಿತು.

ಡಯಾಬ್ಲೊ, ಟ್ರೆಂಟನ್ ಎರಡೂ ಒಂದೇ ದೇಶದ ಹಡಗುಕಟ್ಟೆಗಳಲ್ಲಿ ಹುಟ್ಟಿದವು. ಎರಡೂ ಕೈಬದಲಾಗಿ ಹೊಸ ಹೆಸರು ಪಡೆದವು. ಒಂದು ವಿಶಾಖಪಟ್ಟಣದ ಕಡಲ ತಳದಲ್ಲಿ ಗೋರಿಯಾಗಿ ಮಲಗಿದೆ. ಇನ್ನೊಂದು ಅದೇ ಊರನ್ನು ನೆಲೆಯಾಗಿಸಿಕೊಂಡು ಸಿಕ್ಕಿಬಿದ್ದವರನ್ನು ಮನೆಗೆ ತಂದಿತು. ಉಕ್ಕಿಗೆ ಸ್ವಂತ ಬುದ್ಧಿಯಿಲ್ಲ. ಅಪ್ಪಣೆ ಕೊಡುವವರ ಮನಸ್ಸು ಹೇಗೋ ಹಡಗಿನ ನಡೆಯೂ ಹಾಗೆ. ಕೊನೆಗೆ ಅದರ ನಿಜವಾದ ಸೇವಾಚರಿತ್ರೆ ಉಳಿಯುವುದು ಅದನ್ನು ಎದುರುಗೊಂಡವರ ನೆನಪಿನಲ್ಲಿ. ಬಾರ್ಕೂರಿನ ನೌಕೆಗಳು ಸುಂಕಕ್ಕಾಗಿ ಬೆನ್ನಟ್ಟಿದವೆಂದೇ ಲೋಕ ಓದುತ್ತಿದೆ. ಜಲಾಶ್ವವನ್ನಾದರೋ ಕೊಚ್ಚಿಯಲ್ಲಿಳಿದ ತಾಯಂದಿರು ತಮ್ಮ ಮಕ್ಕಳಿಗೆ ಬೇರೆಯೇ ಬಗೆಯಲ್ಲಿ ಹೇಳಿಯಾರು.

ಓದುಗ ಬಂಧುಗಳೇ, ಹಡಗುಗಳಲ್ಲಿ ದುಡಿದವರು ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ಕೆಲವರು ನೌಕಾಪಡೆಯಲ್ಲಿ, ಕೆಲವರು ಸರಕುಹಡಗುಗಳಲ್ಲಿ. ಇಂಜಿನ್ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ಡೆಕ್ಕಿನ ಮೇಲೆ. ಅವರು ಸೇರಿದ ಹಡಗು, ಇಳಿದ ದಿನಾಂಕ ಹಳೆಯ ಸೇವಾಪುಸ್ತಕದಲ್ಲಿ ಮುದ್ರೆಯೊತ್ತಿ ಬರೆದಿರುತ್ತದೆ. ಆದರೆ ಬಿರುಗಾಳಿಯ ರಾತ್ರಿ ಯಾರು ಯಾರ ಕೈ ಹಿಡಿದರು ಎಂಬುದನ್ನು ಆ ಪುಸ್ತಕ ಹೇಳದು. ಅಜ್ಜನೋ ಮಾವನೋ ಇನ್ನೂ ನಮ್ಮೊಡನಿರುವಾಗಲೇ ಒಂದು ಸಂಜೆ ಅವರ ಬಳಿ ಕುಳಿತು, ಕೇಳಿ, ಬರೆದಿಟ್ಟುಕೊಳ್ಳಿರಿ. ಸೀತಾನದಿಯ 30 ಹಡಗುಗಳಲ್ಲಿ ದುಡಿದವರಿಗೆ ಅಂತಹ ಒಬ್ಬ ಮೊಮ್ಮಗ ಸಿಗಲಿಲ್ಲ. ನಮ್ಮ ಮನೆಯ ನಾವಿಕರಿಗಾದರೂ ಸಿಗಲಿ.