ನಿದ್ದೆಗೆ ನಾದ

ನಿದ್ದೆ ಬರಿಸಲು ಹಾಡು, ವಾದ್ಯ ಅಥವಾ ಒಂದೇ ಸಮನಾದ ಸದ್ದನ್ನು ಬಳಸುವ ರೂಢಿ. ಇದರ ಇತಿಹಾಸದಲ್ಲಿ ಎರಡು ಎಳೆಗಳಿವೆ: ಮನಸ್ಸನ್ನು ತಣಿಸುವ ಹಾಡು ಒಂದು, ಬೇರೆ ಸದ್ದುಗಳು ಕಿವಿಗೆ ಬೀಳದಂತೆ ಮುಚ್ಚಿಬಿಡುವ ಮೊರೆತ ಇನ್ನೊಂದು. ಮೊದಲನೆಯದಕ್ಕೆ ಸುಮಾರು ನಾಲ್ಕು ಸಾವಿರ ವರ್ಷಗಳ ಲಿಖಿತ ದಾಖಲೆ ಇದೆ. ಎರಡನೆಯದು ಯಂತ್ರದ ರೂಪ ತಳೆದು ಅಂಗಡಿಗೆ ಬಂದದ್ದು 20ನೆಯ ಶತಮಾನದಲ್ಲಿ. ಈಗ ಮೊಬೈಲಿನಲ್ಲಿ ಎರಡೂ ಒಟ್ಟಿಗೇ ಸಿಗುವುದರಿಂದ ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

ಊರ್ ನಗರದ ದೊರೆ ಶುಲ್ಗಿಯ ಮಗನಿಗಾಗಿ ಹಾಡಿದ ಸುಮೇರಿಯನ್ ಜೋಗುಳವೊಂದು ಕ್ರಿ.ಪೂ. 21ನೆಯ ಶತಮಾನದ ಕಾಲಕ್ಕೆ ಸೇರಿದ್ದು. ಅನಂತರದ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿರುವ ರಚನೆಗಳು ಅಷ್ಟು ಮೃದುವಲ್ಲ. ಕೂಸಿನ ಅಳುವಿಗೆ ಮನೆದೇವರಿಗೂ ನಿದ್ದೆಗೆಟ್ಟಿತು ಎಂದು ಅವು ಗದರಿಸುತ್ತವೆ. ಜೋಗುಳಕ್ಕಿಂತ ಮಂತ್ರಕ್ಕೆ ಹತ್ತಿರ.

ದೊಡ್ಡವರ ನಿದ್ದೆಗೆ ನಾದವನ್ನು ಔಷಧದಂತೆ ಬಳಸಿದ ಉಲ್ಲೇಖಗಳೂ ಹಳೆಯವೇ. ಪೈಥಾಗೊರಸನ ಅನುಯಾಯಿಗಳು ಮಲಗುವ ಮುನ್ನ ಹಗಲಿನ ಕಳವಳವನ್ನು ಸಂಗೀತದಿಂದ ಕಳೆದುಕೊಳ್ಳುತ್ತಿದ್ದರೆಂದು ತತ್ತ್ವಜ್ಞಾನಿ ಇಯಾಂಬ್ಲಿಕಸ್ ಬರೆದಿದ್ದಾನೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ನಿದ್ದೆಗೆಟ್ಟವರಿಗೆ ಎಣ್ಣೆ ನೀವುವುದು, ಸ್ನಾನ, ಹಾಲು, ಮೊಸರನ್ನಗಳ ಜೊತೆಗೆ ಮನಸ್ಸಿಗೆ ಒಗ್ಗುವ ಪರಿಮಳವನ್ನೂ ಶಬ್ದವನ್ನೂ ಹೇಳುತ್ತದೆ. ಇಂಥದೇ ರಾಗ, ಇಂಥದೇ ವಾದ್ಯ ಎಂದು ಚರಕ ಕಟ್ಟುಮಾಡಲಿಲ್ಲ. ಮುಂದಿನವರಿಗೆ ಆ ಸಂಯಮ ಇರಲಿಲ್ಲ.

ಕರ್ನಾಟಕ ಸಂಗೀತದಲ್ಲಿ ನಿದ್ದೆಯ ರಾಗವೆಂದು ಹೆಸರಾದದ್ದು ನೀಲಾಂಬರಿ. ಇದು 29ನೆಯ ಮೇಳಕರ್ತ ಧೀರಶಂಕರಾಭರಣದ ಜನ್ಯ. ವಿಳಂಬ ಗತಿ, ತೂಗಾಡುವ ಗಮಕಗಳು ಇದರ ಲಕ್ಷಣ. ತ್ಯಾಗರಾಜರ ಉಯ್ಯಾಲೆ ಹಾಡೊಂದು ಇದೇ ರಾಗದಲ್ಲಿದೆ. ಆದರೆ ನಿದ್ದೆ ಬರುವುದು ಸ್ವರಗಳಿಂದಲೋ, ತೊಟ್ಟಿಲಲ್ಲಿದ್ದಾಗಿನಿಂದ ಕೇಳಿ ಕೇಳಿ ಬೆಳೆದ ಅಭ್ಯಾಸದಿಂದಲೋ ಎಂಬ ಪ್ರಶ್ನೆ ಸಹಜ. ಎರಡನೆಯದೇ ಹೆಚ್ಚು ನಂಬಲರ್ಹ. ಏಕೆಂದರೆ ಕನ್ನಡದ ತೊಟ್ಟಿಲ ಹಾಡುಗಳಲ್ಲಿ ಬಹುಪಾಲಿಗೆ ಶಾಸ್ತ್ರೀಯ ರಾಗದ ಹಂಗೇ ಇಲ್ಲ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ (1931) ಸಂಕಲನದಲ್ಲಿ ಕಾಣುವ ಕೂಸಿನ ತ್ರಿಪದಿಗಳನ್ನು ಹೆಂಗಸರು ನಾಲ್ಕಾರು ಸ್ವರಗಳೊಳಗೇ, ತೊಟ್ಟಿಲ ತೂಗಿಗೆ ಸರಿಯಾಗಿ ಹೇಳಿಕೊಂಡು ಬಂದವರು. ಪುರಂದರದಾಸರೇ ಮೊದಲಾದ ಹರಿದಾಸರ ಜೋಗುಳಗಳಲ್ಲಿ ತೊಟ್ಟಿಲ ಕೂಸು ಕೃಷ್ಣನೇ. ದೇವರನ್ನೂ ಹಾಡಿ ಮಲಗಿಸುವ ಪದ್ಧತಿ ದೇವಾಲಯಗಳಲ್ಲಿ ಇಂದಿಗೂ ಇದೆ: ತಿರುಮಲೆಯಲ್ಲಿ ರಾತ್ರಿಯ ಏಕಾಂತಸೇವೆಯ ಹೊತ್ತಿಗೆ ತಾಳ್ಳಪಾಕ ವಂಶದವರು ಅನ್ನಮಾಚಾರ್ಯರ ಕೀರ್ತನೆ ಹಾಡುತ್ತಾರೆ.

ನಿದ್ದೆಯಿಲ್ಲದ ಪ್ರಭುಗಳ ಕತೆಗಳು ಈ ಇತಿಹಾಸದಲ್ಲಿ ಬೇಕಾದಷ್ಟಿವೆ. ಅವನ್ನು ಸ್ವಲ್ಪ ಜರಡಿ ಹಿಡಿಯಬೇಕು. ಬಾಖ್ 1741ರಲ್ಲಿ ಪ್ರಕಟಿಸಿದ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಕೃತಿಯು ಕೈಸರ್ಲಿಂಗ್ ಎಂಬ ರಾಯಭಾರಿಯ ನಿದ್ರಾಹೀನ ರಾತ್ರಿಗಳಿಗಾಗಿ ಹುಟ್ಟಿತೆಂದು ಬಾಖ್‌ನ ಜೀವನಚರಿತ್ರೆಕಾರ ಫೋರ್ಕೆಲ್ 1802ರಲ್ಲಿ ಬರೆದ. ಮುದ್ರಿತ ಪ್ರತಿಯಲ್ಲಿ ಆ ರಾಯಭಾರಿಗೆ ಅರ್ಪಣೆಯೇ ಇಲ್ಲ. ಅದನ್ನು ನುಡಿಸುತ್ತಿದ್ದನೆನ್ನಲಾದ ಗೋಲ್ಡ್‌ಬರ್ಗ್‌ಗೆ ಆಗ ಹದಿನಾಲ್ಕರ ಆಸುಪಾಸು. ಫೋರ್ಕೆಲ್ ಹೇಳುವಂತೆಯೇ ನೋಡಿದರೂ ರಾಯಭಾರಿ ಬಯಸಿದ್ದು ಎಚ್ಚರದ ರಾತ್ರಿಯಲ್ಲಿ ಕೊಂಚ ಉಲ್ಲಾಸವನ್ನು, ನಿದ್ದೆಯನ್ನಲ್ಲ. ಸ್ಪೇನಿನ ಐದನೆಯ ಫಿಲಿಪ್‌ನ ಪ್ರಸಂಗಕ್ಕೆ ಆಧಾರ ಗಟ್ಟಿಯಾಗಿದೆ. ವಿಷಾದರೋಗಕ್ಕೆ ತುತ್ತಾಗಿ ರಾತ್ರಿಯನ್ನೇ ಹಗಲು ಮಾಡಿಕೊಂಡಿದ್ದ ಈ ದೊರೆಗಾಗಿ ರಾಣಿ 1737ರಲ್ಲಿ ಗಾಯಕ ಫಾರಿನೆಲ್ಲಿಯನ್ನು ಕರೆಸಿದಳು. 1746ರಲ್ಲಿ ದೊರೆ ಸಾಯುವವರೆಗೂ ಅವನದು ಇರುಳ ಗಾಯನ. 1933ರಲ್ಲಿ ಯುರೋಪು ಪ್ರವಾಸದಲ್ಲಿದ್ದ ಗಾಯಕ ಓಂಕಾರನಾಥ ಠಾಕೂರರು ಪೂರಿಯಾ ರಾಗ ಹಾಡಿ ಮುಸೊಲಿನಿಗೆ ನಿದ್ದೆ ಬರಿಸಿದರೆಂಬ ಮಾತು ಹಿಂದೂಸ್ತಾನಿ ವಲಯದಲ್ಲಿ ಇಂದಿಗೂ ಓಡಾಡುತ್ತದೆ. ಅದನ್ನು ರಾಗಶಕ್ತಿಯ ಪುರಾವೆಯೆಂದಲ್ಲ, ಗಾಯಕರ ಕೀರ್ತಿಯ ಕತೆಯೆಂದು ಓದುವುದು ಲೇಸು.

19ನೆಯ ಶತಮಾನದ ಯುರೋಪಿನಲ್ಲಿ ಜೋಗುಳ ಕಛೇರಿಯ ಪ್ರಕಾರವಾಯಿತು. ಶೋಪಾನ್ ಪಿಯಾನೊಗೆ ಒಂದನ್ನು ಬರೆದ (1844). ಬ್ರಾಮ್ಸ್‌ನ 1868ರ ಜೋಗುಳ ಇಂದು ಆಟಿಕೆಗಳಲ್ಲೂ ಮೊಳಗುತ್ತದೆ.

ಸದ್ದಿನ ಎಳೆಗೆ ಬಂದರೆ, ಮಲಗಿದವರನ್ನು ಎಬ್ಬಿಸುವುದು ಸದ್ದಿಗಿಂತ ಹೆಚ್ಚಾಗಿ ಸದ್ದಿನಲ್ಲಾಗುವ ಹಠಾತ್ ಬದಲಾವಣೆ. ಒಂದೇ ಸಮನೆ ಮೊರೆಯುವ ಸದ್ದಿದ್ದರೆ ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು ಅದರಲ್ಲಿ ಮುಳುಗಿಹೋಗುತ್ತವೆ. ಕರೆಂಟು ಹೋಗಿ ಫ್ಯಾನು ನಿಂತಾಗ ಎಚ್ಚರವಾಗುವುದಕ್ಕೆ ಸೆಕೆಯೊಂದೇ ಕಾರಣವಲ್ಲ. ಅಮೆರಿಕದ ಜಿಮ್ ಬಕ್‌ವಾಲ್ಟರ್ 1962ರಲ್ಲಿ ಮಾರಾಟಕ್ಕೆ ತಂದ ‘ಸ್ಲೀಪ್-ಮೇಟ್’ ಯಂತ್ರದೊಳಗೆ ಇದ್ದದ್ದೂ ಡಬ್ಬಿಯಲ್ಲಿ ತಿರುಗುವ ಪುಟ್ಟ ಫ್ಯಾನೇ. 1969ರಲ್ಲಿ ಇರ್ವ್ ಟೈಬೆಲ್ ‘ಎನ್ವಿರಾನ್‌ಮೆಂಟ್ಸ್’ ಸರಣಿಯ ಮೊದಲ ಗ್ರಾಮಫೋನ್ ತಟ್ಟೆ ಹೊರತಂದ. ಅದರಲ್ಲಿದ್ದ ಕಡಲಿನ ಮೊರೆತ ಇದ್ದದ್ದು ಇದ್ದ ಹಾಗೆ ಮುದ್ರಿಸಿದ್ದಲ್ಲ, ಐಬಿಎಂ ಕಂಪ್ಯೂಟರಿನಲ್ಲಿ ತಿದ್ದಿದ್ದು. ‘ಪ್ರಕೃತಿಯ ಸದ್ದು’ ಎಂಬ ಸರಕು ಆರಂಭದಿಂದಲೇ ಕೃತಕವೂ ಹೌದು.

ಕಲಾವಿದರೂ ಈ ದಾರಿ ಹಿಡಿದರು. ರಾಬರ್ಟ್ ರಿಚ್ 1982ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೋತೃಗಳು ಮಲಗಿಯೇ ಕೇಳುವ ಇಡೀ ರಾತ್ರಿಯ ಕಛೇರಿ ಶುರುಮಾಡಿದ. ಮ್ಯಾಕ್ಸ್ ರಿಕ್ಟರ್‌ನ ‘ಸ್ಲೀಪ್’ (2015) ಎಂಟು ಗಂಟೆಗೂ ಮೀರಿದ ರಚನೆ. ಬಿಬಿಸಿ ರೇಡಿಯೊ 3 ಅದನ್ನು ರಾತ್ರಿಯಿಡೀ ನೇರವಾಗಿ ಬಿತ್ತರಿಸಿತು.

ಪರೀಕ್ಷೆಗಳ ಫಲ ಮಿಶ್ರ. 1990ರಲ್ಲಿ ಲಂಡನ್ನಿನಲ್ಲಿ 40 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನದಲ್ಲಿ ಏಕತಾನದ ಸದ್ದು ಕೇಳಿದವುಗಳಲ್ಲಿ ಶೇ. 80 ಐದು ನಿಮಿಷದೊಳಗೆ ನಿದ್ದೆಹೋದವು, ಕೇಳದವುಗಳಲ್ಲಿ ಶೇ. 25 ಮಾತ್ರ. ಆದರೆ 2014ರಲ್ಲಿ ಟೊರೊಂಟೊ ಸಂಶೋಧಕರು ಶಿಶುಗಳಿಗೆಂದು ಮಾರುವ 14 ಯಂತ್ರಗಳನ್ನು ಅಳೆದಾಗ ಪೂರ್ಣ ದನಿಯಲ್ಲಿ ಮೂರು ಯಂತ್ರಗಳು 85 ಡೆಸಿಬೆಲ್ ದಾಟಿದವು. ಕಾರ್ಖಾನೆ ಕೆಲಸಗಾರರ ಕಿವಿಗೂ ಅಪಾಯವೆನ್ನುವ ಮಟ್ಟವದು. ಯಂತ್ರವನ್ನು ತೊಟ್ಟಿಲಿನಿಂದ ದೂರವಿಟ್ಟು, ದನಿ ತಗ್ಗಿಸಿ, ಸ್ವಲ್ಪ ಹೊತ್ತು ಮಾತ್ರ ಬಳಸಬೇಕೆಂದು ಅವರು ಹೇಳಿದರು. ವಯಸ್ಕರ ವಿಷಯದಲ್ಲಿ, 13 ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ಕಾಕ್ರೇನ್ ವಿಮರ್ಶೆ ಸಂಗೀತ ಕೇಳುವವರು ತಮ್ಮ ನಿದ್ದೆ ಸುಧಾರಿಸಿತೆಂದು ಹೇಳುವ ಸಂಭವವನ್ನು ಒಪ್ಪುತ್ತದೆ. ಇದಕ್ಕೆ ಎದುರಾಗಿ, ಮಲಗುವಾಗ ಕೇಳಿದ ಧಾಟಿ ತಲೆಯೊಳಗೆ ಸುತ್ತುತ್ತ ನಿದ್ದೆ ಕೆಡಿಸಬಹುದೆಂದು ಬೇಲರ್ ವಿಶ್ವವಿದ್ಯಾಲಯದ 2021ರ ಪ್ರಯೋಗ ತೋರಿಸಿತು. ಜನ ನಿಜಕ್ಕೂ ಏನು ಕೇಳಿ ಮಲಗುತ್ತಾರೆಂದು ಡೆನ್ಮಾರ್ಕಿನ ಸಂಶೋಧಕರು ಸ್ಪಾಟಿಫೈನ ನಿದ್ದೆಪಟ್ಟಿಗಳಿಂದ ಎರಡು ಲಕ್ಷಕ್ಕೂ ಹೆಚ್ಚು ಧ್ವನಿಮುದ್ರಿಕೆಗಳನ್ನು ತೆಗೆದು ನೋಡಿದರು (2023). ಮೆಲುದನಿಯ ವಾದ್ಯಸಂಗೀತದ ನಡುವೆ ಬಿಟಿಎಸ್ ತಂಡದ ಕುಣಿತದ ಹಾಡೂ ಇತ್ತು.