ಸಣ್ಣ ಉದ್ಯಮಗಳಿಗೆ ವಿಮೆ: ಮೂಲ ಪಾಲಿಸಿ ಮತ್ತು ಐಚ್ಛಿಕ ಹೆಚ್ಚುವರಿ ರಕ್ಷಣೆಗಳು

ಸಾಲ ಹಾಗೂ ಸಹಾಯಧನ ಯೋಜನೆಗಳಡಿ ಅಂಗಡಿ, ತಯಾರಿಕಾ ಘಟಕ ಅಥವಾ ಸೇವಾ ಘಟಕವನ್ನು ಸ್ಥಾಪಿಸುವ ಅರ್ಜಿದಾರರು ಬ್ಯಾಂಕಿನ ಸೂಚನೆಯ ಮೇರೆಗೆ ವಿಮೆ ಮಾಡಿಸುವುದು ವಾಡಿಕೆಯಾಗಿದೆ. ಪಾಲಿಸಿಯ ಪ್ರತಿಯು ಸಾಲದ ಕಡತದಲ್ಲಿ ಉಳಿಯುತ್ತದೆ. ಉದ್ಯಮಿಯು ಅದನ್ನು ಓದುವುದು ಹಾನಿ ಸಂಭವಿಸಿದ ನಂತರವೇ. ಬೆಂಕಿಗೆ ವಿಮೆ ಇದ್ದರೂ ಕಳವಿಗೆ ಇಲ್ಲ, ಯಂತ್ರಕ್ಕೆ ಇದ್ದರೂ ದಾಸ್ತಾನಿಗೆ ಸಾಲದು ಎಂಬುದು ಆಗ ತಿಳಿದುಬಂದರೆ ಪ್ರಯೋಜನವಿಲ್ಲ. ಆದುದರಿಂದ ಪಾಲಿಸಿಯನ್ನು ಪಡೆಯುವ ಮುನ್ನ ಉದ್ಯಮಿಗಳು ತಿಳಿದಿರಬೇಕಾದ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಇಲಾಖೆಯು ವಿಮೆಯನ್ನು ಮಾರಾಟ ಮಾಡುವುದಿಲ್ಲ ಹಾಗೂ ಯಾವುದೇ ಕಂಪನಿಯನ್ನು ಶಿಫಾರಸು ಮಾಡುವುದಿಲ್ಲ.

ಮೂಲ ಪಾಲಿಸಿ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಅಗ್ನಿ ವಿಮೆಯನ್ನು ನೀಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಏಕರೂಪದ ಪಾಲಿಸಿಗಳನ್ನು ಒದಗಿಸಬೇಕೆಂದು ಆದೇಶಿಸಿದ್ದು, ಅವು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದೇ ಸ್ಥಳದಲ್ಲಿರುವ ಕಟ್ಟಡ, ಯಂತ್ರೋಪಕರಣ, ಪೀಠೋಪಕರಣ ಹಾಗೂ ದಾಸ್ತಾನಿನ ಒಟ್ಟು ಮೌಲ್ಯ 5 ಕೋಟಿ ರೂಪಾಯಿಗಳವರೆಗೆ ಇದ್ದಲ್ಲಿ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅನ್ವಯಿಸುತ್ತದೆ. 5 ಕೋಟಿಗಿಂತ ಹೆಚ್ಚಾಗಿ 50 ಕೋಟಿಯವರೆಗೆ ಇದ್ದಲ್ಲಿ 'ಭಾರತ್ ಲಘು ಉದ್ಯಮ ಸುರಕ್ಷಾ' ಅನ್ವಯಿಸುತ್ತದೆ.

ಇಲ್ಲಿ 'ಸೂಕ್ಷ್ಮ' ಎಂಬ ಪದದ ಬಗ್ಗೆ ಗೊಂದಲ ಉಂಟಾಗುವುದು ಸಹಜ. ಉದ್ಯಮ್ ನೋಂದಣಿಯಲ್ಲಿ ಸೂಕ್ಷ್ಮ ಉದ್ಯಮವೆಂದರೆ, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಯಂತೆ, ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿಗಳನ್ನು ಮೀರದ ಉದ್ಯಮ. ವಿಮೆಯಲ್ಲಿ ಈ ವರ್ಗೀಕರಣಕ್ಕೆ ಸಂಬಂಧವಿಲ್ಲ. ಸ್ಥಳವೊಂದರಲ್ಲಿ ಅಪಾಯಕ್ಕೆ ಒಳಪಡುವ ಆಸ್ತಿಯ ಮೌಲ್ಯವನ್ನಷ್ಟೇ ಪರಿಗಣಿಸಲಾಗುತ್ತದೆ. ನೋಂದಣಿ ಪ್ರಮಾಣಪತ್ರದ ಉಪಯೋಗ ಬೇರೆಡೆ ಇದೆ, ಅದನ್ನು ಮುಂದೆ ತಿಳಿಸಲಾಗಿದೆ.

ಈ ಮೂಲ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತ, ಗಲಭೆ, ಮುಷ್ಕರ, ಭಯೋತ್ಪಾದಕ ಕೃತ್ಯ, ವಾಹನ ಅಥವಾ ಮರ ಬಡಿದು ಆಗುವ ಹಾನಿ, ನೀರಿನ ತೊಟ್ಟಿ ಅಥವಾ ಕೊಳವೆ ಒಡೆದು ಆಗುವ ಹಾನಿ ಇವೆಲ್ಲ ಸೇರಿವೆ. ಹಿಂದಿನ ಅಗ್ನಿ ಪಾಲಿಸಿಗಳಲ್ಲಿ ಭೂಕಂಪಕ್ಕೆ ಪ್ರತ್ಯೇಕ ಕಂತು ತೆರಬೇಕಾಗಿತ್ತು. ನೆರೆ ಮತ್ತು ಬಿರುಗಾಳಿಯ ರಕ್ಷಣೆಯನ್ನು ಕೈಬಿಟ್ಟು ಕಂತನ್ನು ಕಡಿಮೆ ಮಾಡಿಸಿಕೊಳ್ಳುವ ಅವಕಾಶವೂ ಇತ್ತು. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಜಾರಿಯಲ್ಲಿದ್ದುದು ಆ ಹಳೆಯ ವ್ಯವಸ್ಥೆ. ಈಗ ಇವು ಮೂಲ ಪಾಲಿಸಿಯ ಭಾಗವಾಗಿರುವುದರಿಂದ ಇವುಗಳಿಗಾಗಿ ಹೆಚ್ಚುವರಿ ರಕ್ಷಣೆಯನ್ನು ಖರೀದಿಸುವ ಅಗತ್ಯವಿಲ್ಲ.

ವಿಮಾ ಮೊತ್ತವನ್ನು ನಿಗದಿಪಡಿಸುವುದು

ಹೆಚ್ಚುವರಿ ರಕ್ಷಣೆಗಳ ಕಡೆಗೆ ಗಮನ ಹರಿಸುವ ಮೊದಲು ವಿಮಾ ಮೊತ್ತವನ್ನು ಸರಿಪಡಿಸಿಕೊಳ್ಳತಕ್ಕದ್ದು. ಮೊತ್ತವೇ ಕಡಿಮೆ ಇದ್ದಲ್ಲಿ ಎಷ್ಟು ಹೆಚ್ಚುವರಿ ರಕ್ಷಣೆಗಳನ್ನು ಸೇರಿಸಿದರೂ ಪರಿಹಾರ ಪೂರ್ಣವಾಗಿ ದೊರೆಯುವುದಿಲ್ಲ. ಉದಾಹರಣೆಗೆ, ಅಂಗಡಿಯೊಂದರಲ್ಲಿ 10 ಲಕ್ಷ ರೂಪಾಯಿ ಮೌಲ್ಯದ ಸರಕು ಇದ್ದು, 6 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಬೆಂಕಿಯಿಂದ 2 ಲಕ್ಷ ರೂಪಾಯಿ ನಷ್ಟವಾದಲ್ಲಿ, ನಷ್ಟವು ವಿಮಾ ಮೊತ್ತದೊಳಗೇ ಇದೆಯಾದರೂ ದೊರೆಯುವುದು ಅದರ ಹತ್ತರಲ್ಲಿ ಆರು ಭಾಗ, ಅಂದರೆ 1.20 ಲಕ್ಷ ಮಾತ್ರ. ಉಳಿದ ಭಾಗಕ್ಕೆ ಮಾಲೀಕರೇ ವಿಮಾದಾರರೆಂದು ಲೆಕ್ಕ. ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸಲಾಗುತ್ತದೆ. ಅದನ್ನು ಮೀರಿದರೆ ಈ ಕಡಿತ ತಪ್ಪದು.

ಕೊರತೆ ಉಂಟಾಗುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ. ಮೊದಲನೆಯದು, ಸಾಲದ ಬಾಕಿಯಷ್ಟಕ್ಕೇ ವಿಮೆ ಮಾಡಿಸುವುದು. ಬ್ಯಾಂಕಿನ ಹಿತ ಅಷ್ಟರಿಂದ ರಕ್ಷಣೆಯಾಗಬಹುದು, ಆದರೆ ಮಾಲೀಕರು ತೊಡಗಿಸಿದ ಹಣ ಹೊರಗುಳಿಯುತ್ತದೆ. ಪಾಲಿಸಿಯಲ್ಲಿ ಬ್ಯಾಂಕಿನ ಷರತ್ತು ಇದ್ದಲ್ಲಿ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಸಂದಾಯವಾಗುತ್ತದೆ ಎಂಬುದನ್ನೂ ಗಮನಿಸಬೇಕು. ಎರಡನೆಯದು, ಆಸ್ತಿ-ಹೊಣೆ ಪಟ್ಟಿಯಲ್ಲಿರುವ ಸವಕಳಿ ಕಳೆದ ಮೌಲ್ಯವನ್ನೇ ನಮೂದಿಸುವುದು. ನಾಲ್ಕು ಲಕ್ಷಕ್ಕೆ ಕೊಂಡ ಯಂತ್ರ ಪುಸ್ತಕದಲ್ಲಿ ಒಂದೂವರೆ ಲಕ್ಷಕ್ಕೆ ಇಳಿದಿರಬಹುದು. ಅದೇ ಬಗೆಯ ಹೊಸ ಯಂತ್ರಕ್ಕೆ ಇಂದು ಐದು ಲಕ್ಷ ತಗಲುವುದಾದರೆ ವಿಮೆಗೆ ತೋರಿಸಬೇಕಾದುದು ಐದು ಲಕ್ಷ. ಲೆಕ್ಕಪತ್ರಕ್ಕೆ ಸರಿಯಾದ ಅಂಕಿ ವಿಮೆಗೆ ಸರಿಯಾಗದ ಸಂದರ್ಭ ಇದು. ದಾಸ್ತಾನನ್ನು ಮಾತ್ರ ವೆಚ್ಚದ ಬೆಲೆಗೇ ತೋರಿಸಬೇಕು. ಲಾಭಾಂಶವನ್ನು ಸೇರಿಸಿ ಕಂತು ಕಟ್ಟಿದರೆ ಕಂತು ವ್ಯರ್ಥ. ಮದುವೆಯ ಹಂಗಾಮು ಅಥವಾ ದೀಪಾವಳಿಯ ವೇಳೆಗೆ ದಾಸ್ತಾನು ಇಮ್ಮಡಿಯಾಗುವ ಅಂಗಡಿಗಳು ಆ ಅವಧಿಗೆ ಮೊತ್ತವನ್ನು ಹೆಚ್ಚಿಸಿಕೊಳ್ಳಲು ಕಂಪನಿಗೆ ಲಿಖಿತವಾಗಿ ಕೋರಿ, ತಿದ್ದುಪಡಿ ಪತ್ರವನ್ನು ಪಡೆದಿಟ್ಟುಕೊಳ್ಳತಕ್ಕದ್ದು.

ಐಚ್ಛಿಕ ಹೆಚ್ಚುವರಿ ರಕ್ಷಣೆಗಳು

ಉದ್ಯಮದ ಸ್ವರೂಪಕ್ಕೆ ಅನುಗುಣವಾಗಿ ಆಯ್ದುಕೊಳ್ಳಬೇಕಾದುದು ಈ ಭಾಗವನ್ನೇ. ಎಲ್ಲವೂ ಎಲ್ಲರಿಗೂ ಬೇಕಾಗಿಲ್ಲ. ಕೆಲವು ಮೂಲ ಪಾಲಿಸಿಗೇ ಸೇರ್ಪಡೆಯಾಗುತ್ತವೆ, ಕೆಲವು ಪ್ರತ್ಯೇಕ ಪಾಲಿಸಿಗಳಾಗಿ ಅಥವಾ ಅಂಗಡಿದಾರರ ಸಂಯುಕ್ತ ಪಾಲಿಸಿಯ ವಿಭಾಗಗಳಾಗಿ ದೊರೆಯುತ್ತವೆ.

ಕಳವು: ಮೂಲ ಪಾಲಿಸಿಯಲ್ಲಿ ಕಳವಿನ ರಕ್ಷಣೆ ಅತ್ಯಂತ ಸೀಮಿತ. ಬೆಂಕಿ, ನೆರೆ, ಗಲಭೆ ಮುಂತಾದ ಘಟನೆಯ ಪರಿಣಾಮವಾಗಿ, ಅದು ಸಂಭವಿಸಿದ ಏಳು ದಿನಗಳೊಳಗೆ ಆದ ಕಳವು ಮಾತ್ರ ಸೇರುತ್ತದೆ. ರಾತ್ರಿ ಬಾಗಿಲು ಮುರಿದು ಮಾಲು ಒಯ್ದರೆ ಕನ್ನಗಳವಿನ ವಿಮೆ ಬೇಕು. ಅದರಲ್ಲಿಯೂ ಬಲವಂತದ ಪ್ರವೇಶದ ಗುರುತು ಇರಬೇಕೆಂಬುದು ಸಾಮಾನ್ಯ ಷರತ್ತು. ಗಿರಾಕಿಯಂತೆ ಬಂದವರು ಎತ್ತಿಕೊಂಡು ಹೋದ ಸರಕು, ವರ್ಷಾಂತ್ಯದ ಎಣಿಕೆಯಲ್ಲಿ ಕಂಡುಬಂದ ಕೊರತೆ ಇವು ಸೇರುವುದಿಲ್ಲ. ನೌಕರರು ಹಣ ಅಥವಾ ಸರಕನ್ನು ದುರುಪಯೋಗಪಡಿಸಿಕೊಂಡಲ್ಲಿ ಅದಕ್ಕೆ ನಿಷ್ಠಾ ಖಾತರಿ ವಿಮೆ ಎಂಬುದು ಬೇರೆಯೇ ಇದೆ. ಬ್ಯಾಂಕಿಗೆ ಪ್ರತಿದಿನ ನಗದು ಒಯ್ಯುವವರು ಸಾಗಣೆಯಲ್ಲಿರುವ ಹಣದ ರಕ್ಷಣೆಯನ್ನು ಕೇಳಬಹುದು.

ಯಂತ್ರದ ಕೆಡುಕು: ವಿದ್ಯುತ್ ಮೋಟಾರಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಆ ಮೋಟಾರು ಸುಟ್ಟರೆ ಅಗ್ನಿ ಪಾಲಿಸಿಯು ಅದಕ್ಕೆ ಪರಿಹಾರ ನೀಡುವುದಿಲ್ಲ. ಅದರಿಂದ ಬೆಂಕಿ ಹರಡಿ ಪಕ್ಕದ ಯಂತ್ರಗಳು, ನೂಲು, ಛಾವಣಿ ಸುಟ್ಟರೆ ಅವುಗಳಿಗೆ ನೀಡುತ್ತದೆ. ದೊಡ್ಡಬಳ್ಳಾಪುರದಂತಹ ಕಡೆ ವಿದ್ಯುತ್ ಮಗ್ಗಗಳನ್ನು ನಡೆಸುವವರು, ಹಿಟ್ಟಿನ ಗಿರಣಿ ಹಾಗೂ ಮುದ್ರಣಾಲಯದವರು ಯಂತ್ರ ಸ್ಥಗಿತ ವಿಮೆಯನ್ನು ಪರಿಶೀಲಿಸುವುದು ಉಚಿತ. ಕಂಪ್ಯೂಟರ್ ಮುಂತಾದವುಗಳಿಗೆ ವಿದ್ಯುನ್ಮಾನ ಉಪಕರಣಗಳ ವಿಮೆ ಪ್ರತ್ಯೇಕವಾಗಿದೆ.

ಶೈತ್ಯಾಗಾರದ ಸರಕು: ಬ್ಯಾಡಗಿಯ ಮೆಣಸಿನಕಾಯಿಯಿಂದ ಹಿಡಿದು ಕರಾವಳಿಯ ಮೀನು, ಪೇಟೆಯ ಐಸ್‌ಕ್ರೀಮಿನವರೆಗೆ ತಣ್ಣಗಿರಬೇಕಾದ ಸರಕು ಬೆಂಕಿ ತಾಗದೆಯೂ ಹಾಳಾಗುತ್ತದೆ. ಇದಕ್ಕೆ ಎರಡು ಬಗೆಯ ರಕ್ಷಣೆಗಳಿದ್ದು, ಹೆಸರು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ತಪ್ಪು ಗ್ರಹಿಕೆಗೆ ಎಡೆಯಾಗುತ್ತದೆ. ಅಗ್ನಿ ಪಾಲಿಸಿಗೆ ಸೇರಿಸುವ ರಕ್ಷಣೆಯು ಬೆಂಕಿ, ಸಿಡಿಲು, ಬಿರುಗಾಳಿಯಂತಹ ವಿಮಿತ ಘಟನೆಯಿಂದ ಹಾನಿಯಾಗಿ ವಿದ್ಯುತ್ ನಿಂತು ಸರಕು ಕೆಟ್ಟರೆ ಮಾತ್ರ ಅನ್ವಯಿಸುತ್ತದೆ. ಶೀತಲೀಕರಣ ಯಂತ್ರವೇ ಕೆಟ್ಟು ಸರಕು ಹಾಳಾದರೆ ಯಂತ್ರ ಸ್ಥಗಿತ ವಿಮೆಗೆ ಜೋಡಣೆಯಾದ ದಾಸ್ತಾನು ಕೆಡುಕಿನ ವಿಮೆ ಬೇಕು. ಬರಿಯ ಲೋಡ್ ಶೆಡ್ಡಿಂಗ್ ಮೊದಲನೆಯದರಲ್ಲಿ ಬರುವುದಿಲ್ಲ. ಯಾವುದನ್ನು ಕೊಡಲಾಗುತ್ತಿದೆ ಎಂಬುದನ್ನು ಪ್ರತಿನಿಧಿಯಿಂದ ಬರವಣಿಗೆಯಲ್ಲಿ ಪಡೆಯಬೇಕು.

ಇತರರ ಸ್ವತ್ತು: ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳು ಕೊಟ್ಟುಹೋದ ಬಟ್ಟೆ, ದುರಸ್ತಿ ಅಂಗಡಿಯಲ್ಲಿರುವ ಮಿಕ್ಸಿ, ಮೊಬೈಲು, ಕಮಿಷನ್ ಮೇಲೆ ಮಾರಾಟಕ್ಕಿಟ್ಟ ಸೀರೆಗಳು ಮಾಲೀಕರ ಸ್ವಂತ ದಾಸ್ತಾನಲ್ಲ. ಇವುಗಳನ್ನು ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆಸಿ, ಮೌಲ್ಯವನ್ನು ವಿಮಾ ಮೊತ್ತದಲ್ಲಿ ಸೇರಿಸತಕ್ಕದ್ದು. ಹೊಲಿಗೆಯಂಗಡಿಯೊಂದರಲ್ಲಿ ಸ್ವಂತ ಆಸ್ತಿಯಾದ ನಾಲ್ಕು ಯಂತ್ರಗಳಿಗಿಂತ ಕಪಾಟಿನಲ್ಲಿರುವ ಗಿರಾಕಿಗಳ ರೇಷ್ಮೆ ಬಟ್ಟೆಯ ಬೆಲೆಯೇ ಹೆಚ್ಚಿರಬಹುದು. ಅಂಗಡಿ ಸುಟ್ಟರೆ ಯಂತ್ರಕ್ಕೆ ಕಾಯಬಹುದು, ಗಿರಾಕಿಗಳಿಗೆ ಉತ್ತರ ಕೊಡುವುದಕ್ಕೆ ಕಾಲಾವಕಾಶವಿರುವುದಿಲ್ಲ.

ವ್ಯಾಪಾರ ನಿಂತಾಗಿನ ನಷ್ಟ: ಕಟ್ಟಡ ದುರಸ್ತಿಯಾಗುವವರೆಗೆ ಬಾಡಿಗೆ, ಸಂಬಳ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಈ ಹೊರೆಗೆ ಲಾಭನಷ್ಟದ ವಿಮೆ ಇದೆ. ಇದು ಅಗ್ನಿ ಪಾಲಿಸಿಯನ್ನು ಅವಲಂಬಿಸಿದ್ದು, ಆಸ್ತಿಗೆ ಭೌತಿಕ ಹಾನಿಯಾಗಿ ಅದು ಪರಿಹಾರಕ್ಕೆ ಅರ್ಹವಾದಾಗ ಮಾತ್ರ ಅನ್ವಯಿಸುತ್ತದೆ. 2020ರ ಲಾಕ್‌ಡೌನ್ ಅವಧಿಯಲ್ಲಿ ಅಂಗಡಿ ಮುಚ್ಚಿದ ನಷ್ಟವು ಸಾಮಾನ್ಯ ಪಾಲಿಸಿಗಳ ವ್ಯಾಪ್ತಿಗೆ ಬಾರದಿದ್ದುದು ಇದೇ ಕಾರಣದಿಂದ.

ನೌಕರರು ಮತ್ತು ಸಾರ್ವಜನಿಕರು: ಕೆಲಸದ ವೇಳೆ ನೌಕರರಿಗೆ ಅಪಘಾತವಾದಲ್ಲಿ ಪರಿಹಾರ ನೀಡುವುದು ಮಾಲೀಕರ ಶಾಸನಬದ್ಧ ಹೊಣೆ. 1923ರ ಕಾಯ್ದೆಯಲ್ಲಿದ್ದ ಈ ಹೊಣೆ ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೆ ಬಾರದ ನೌಕರರಿದ್ದಲ್ಲಿ ಈ ವಿಮೆಯನ್ನು ಮಾಡಿಸುವುದು ಕ್ಷೇಮಕರ. ನೌಕರರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಇದ್ದಾರೆಂಬ ಮಾತ್ರಕ್ಕೆ ಮಾಲೀಕರ ಹೊಣೆ ತಪ್ಪುವುದಿಲ್ಲ. ಹೋಟೆಲು, ಹೋಂಸ್ಟೇಗಳಂತಹ ಕಡೆ ಬರುವ ಸಾರ್ವಜನಿಕರಿಗೆ ಆಗಬಹುದಾದ ಹಾನಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆಯನ್ನು ಸೇರಿಸಬಹುದು. ಗಾಜಿನ ಮುಂಭಾಗ, ನಾಮಫಲಕ ಇತ್ಯಾದಿಗಳ ರಕ್ಷಣೆಯೂ ಲಭ್ಯ. ಅವುಗಳ ಬೆಲೆ ಹೆಚ್ಚಿದ್ದಲ್ಲಿ ಮಾತ್ರ ಯೋಚಿಸಬಹುದು.

ಪಾಲಿಸಿ ಪಡೆಯುವಾಗ

ಅಗ್ನಿ ವಿಮೆಯ ದರಗಳ ಮೇಲಿನ ನಿಯಂತ್ರಣವನ್ನು 2007ರ ಜನವರಿ 1ರಿಂದ ತೆಗೆದುಹಾಕಲಾಗಿದೆ. ಪಾಲಿಸಿಯ ಷರತ್ತುಗಳು ಏಕರೂಪವಾಗಿದ್ದರೂ ಕಂತು ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಕನಿಷ್ಠ ಎರಡು ಮೂರು ದರಪಟ್ಟಿಗಳನ್ನು ಪಡೆಯುವುದು ಒಳ್ಳೆಯದು. ಕಂತು ಪಾವತಿಯಾಗುವವರೆಗೆ ಕಂಪನಿಯ ಹೊಣೆ ಆರಂಭವಾಗುವುದಿಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಹೆಚ್ಚುವರಿ ರಕ್ಷಣೆಗೆ ಬೆಲೆಯಿಲ್ಲ. ಅದು ಅನುಸೂಚಿಯಲ್ಲಿ ಹೆಸರು ಸಹಿತ ಇರಬೇಕು. ಅಂಗಡಿಯ ವಿಳಾಸ ಬದಲಾದಲ್ಲಿ ಅಥವಾ ಹೊಸ ಗೋದಾಮು ಸೇರಿದಲ್ಲಿ ಕೂಡಲೇ ತಿಳಿಸಬೇಕು. ಸಾಲ ಖಾತರಿ ನಿಧಿಯ ರಕ್ಷಣೆಯನ್ನು ಕೆಲವರು ವಿಮೆಯೆಂದು ಭಾವಿಸುವುದುಂಟು. ಆ ಖಾತರಿ ಸಾಲ ನೀಡಿದ ಬ್ಯಾಂಕಿಗೆ ಸಂಬಂಧಿಸಿದ್ದು, ಉದ್ಯಮಿಯ ಆಸ್ತಿಗೆ ಅಲ್ಲ.

ಹಾನಿ ಸಂಭವಿಸಿದಾಗ

ವಿಮಾ ಕಂಪನಿಗೆ ತಡಮಾಡದೆ ತಿಳಿಸಿ, ಸಂದರ್ಭಾನುಸಾರ ಅಗ್ನಿಶಾಮಕ ಠಾಣೆ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸತಕ್ಕದ್ದು. ಸರ್ವೇಯರ್ ಬರುವ ಮುನ್ನ ಅವಶೇಷಗಳನ್ನು ವಿಲೇವಾರಿ ಮಾಡಬಾರದು, ಆದರೆ ಉಳಿದ ಸರಕು ಮತ್ತಷ್ಟು ಹಾಳಾಗದಂತೆ ಎಚ್ಚರ ವಹಿಸುವುದು ವಿಮಾದಾರರ ಕರ್ತವ್ಯ. ಖರೀದಿ ಬಿಲ್ಲು, ದಾಸ್ತಾನು ಪುಸ್ತಕ, ಜಿ.ಎಸ್.ಟಿ. ವಿವರಪಟ್ಟಿಗಳ ಪ್ರತಿಗಳು ಅಂಗಡಿಯಲ್ಲಿ ಮಾತ್ರ ಇದ್ದರೆ ಸರಕಿನೊಂದಿಗೆ ಅವೂ ಹೋಗುತ್ತವೆ. ಒಂದು ಪ್ರತಿಯನ್ನು ಬೇರೆಡೆ ಇಡಬೇಕು.

ಕ್ಲೇಮು ತಿರಸ್ಕೃತವಾದಲ್ಲಿ ಅಥವಾ ಕಡಿಮೆ ಮೊತ್ತ ಮಂಜೂರಾದಲ್ಲಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಬೇಕು. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ದೂರವಾಣಿಯಲ್ಲಿಯೂ ದೂರನ್ನು ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಲೋಕಪಾಲರು 50 ಲಕ್ಷ ರೂಪಾಯಿಗಳವರೆಗೆ ಪರಿಹಾರವನ್ನು ಆದೇಶಿಸಬಹುದು. ಆದರೆ ಉದ್ಯಮಗಳ ಪೈಕಿ ಏಕಮಾಲೀಕತ್ವದ ಸಂಸ್ಥೆಗಳು ಮತ್ತು ಸೂಕ್ಷ್ಮ ಉದ್ಯಮಗಳಿಗೆ ಮಾತ್ರ ಈ ಅವಕಾಶವಿದೆ. ಮೇಲೆ ತಿಳಿಸಿದ ಉದ್ಯಮ್ ನೋಂದಣಿ ಪ್ರಮಾಣಪತ್ರವು ಪಾಲುದಾರಿಕೆ ಸಂಸ್ಥೆಗಳಿಗೆ ಉಪಯುಕ್ತವಾಗುವುದು ಇಲ್ಲಿಯೇ. ನೋಂದಣಿ ಉಚಿತವಾಗಿದ್ದು, ಈ ಬಗ್ಗೆ ಆಯಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದು.